ಎಡಗೈಯ ನಾಲ್ಕು ಹೆಜ್ಜೆ

ಚಹಾದ ಲೋಟ ಹಿಡಿದಾಗ ಕಿರುಬೆರಳು ನೆಟ್ಟಗೇ ಇತ್ತು. ಅಂಗಿಯ ಗುಂಡಿ ಹಾಕಿಕೊಳ್ಳುವಾಗ, ಚಿಲಕ ತೆಗೆಯುವಾಗ, ಹಿತ್ತಲ ತಂತಿಯ ಮೇಲಿನ ಟವೆಲು ಎಳೆದುಕೊಳ್ಳುವಾಗ, ಎಲ್ಲಕ್ಕೂ ಅದು ಉಳಿದ ನಾಲ್ಕು ಬೆರಳುಗಳ ಜೊತೆ ಸಾಲಿನಲ್ಲಿ ಬಂದು ನಿಂತಿತು. ಅವನಿಗೆ ಸಂಕಟವಾಗುತ್ತಿದ್ದುದೇ ಅದಕ್ಕೆ. ಬಾತುಕೊಂಡಿದ್ದರೆ, ನೀಲಿಗಟ್ಟಿದ್ದರೆ, ಕಡೇಪಕ್ಷ ನೋಯುತ್ತಿದ್ದರೆ ಯಾರ ಮುಂದಾದರೂ ಚಾಚಿ ತೋರಿಸಬಹುದಿತ್ತು. ಡಾಕ್ಟರು ಅದನ್ನು ಹಿಂದಕ್ಕೂ ಮುಂದಕ್ಕೂ ಮಡಿಚಿ ನೋಡಿ, ನಿಮ್ಮ ವಯಸ್ಸಿಗೆ ಇಂಥ ಬೆರಳಿದ್ದರೆ ಪುಣ್ಯ ಮಾಡಿದ್ದೀರಿ ಎಂದು ನಕ್ಕು ಕಳಿಸಿದ್ದರು. ಪಿಯಾನೊದ ಮುಂದೆ ಕೂತು ಎಡಗೈಯನ್ನು ಕೀಲಿಗಳ ಮೇಲೆ ಇಟ್ಟಾಗ ಮಾತ್ರ ಅದು, ಮಾತು ಬಿಟ್ಟ ಬಂಧುವನ್ನು ದಾರಿಯಲ್ಲಿ ಕಂಡವರ ಹಾಗೆ ಮುಖ ತಿರುಗಿಸಿ, ಅಂಗೈಯೊಳಕ್ಕೆ ಸುರುಳಿ ಸುತ್ತಿಕೊಳ್ಳುತ್ತಿತ್ತು. ಈಗಲೂ ಊಟದ ಮೇಜಿನ ಅಂಚಿನಲ್ಲಿ ಎಡಗೈ ಇಟ್ಟು ನುಡಿಸಿ ನೋಡಿದ: ಕೆಳಗಿನದು, ಮೇಲಿನದು, ನಡುವಿನದು, ಮೇಲಿನದು. ಬರೀ ಮರದ ಮೇಲೆ ನಾಲ್ಕೂ ಹೆಜ್ಜೆ ಅಳೆದು ಇಟ್ಟಂತೆ ಬಿದ್ದವು. ಹೆಂಡತಿ ಒಲೆಯ ಕಡೆಯಿಂದ ತಿರುಗದೆಯೇ, "ಆ ಮೇಜು ನಿಮಗೇನು ಅನ್ಯಾಯ ಮಾಡಿದೆ ಅಂತ ಬೆಳಗಾದ್ರೆ ಕುಟ್ತೀರಿ?" ಎಂದಳು. ಇವತ್ತು ದರ್ಜಿಯಮ್ಮನ ಪಿಟೀಲು ಪರೀಕ್ಷೆ ಎಂದ. ಆಯಮ್ಮ ಓಡೋದು ನಿಂತಿತಾ ಎಂದು ಕೇಳಿದಳು. ಅವನೇ ಮನೆಗೆ ಹೊತ್ತು ತಂದಿದ್ದ ಮಾತು ಅದು. ದಿನವೂ ಸಂಜೆ ಊಟಕ್ಕೆ ಕೂತಾಗ, ಆ ಹೆಂಗಸು ಓಡ್ತಾಳೆ, ತಾಳ ಅನ್ನೋದೇ ಇಲ್ಲ, ಎಂದು ಹೇಳಿ ಹೇಳಿ ಈಗ ಹೆಂಡತಿಯ ಬಾಯಲ್ಲೂ ಅದು ಸತ್ಯವಾಗಿ ಕೂತಿತ್ತು. ನೋಡಬೇಕು ಎಂದು ಎದ್ದ.

ಬಸ್ಸು ಬಿಟ್ಟು ನಡೆದೇ ಹೊರಟ. ನಡೆದರೆ ಮುಕ್ಕಾಲು ಗಂಟೆ. ಆ ಮುಕ್ಕಾಲು ಗಂಟೆಯಲ್ಲಿ ಏನಾದರೊಂದು ತೀರ್ಮಾನವಾದೀತು ಎಂಬ ಆಸೆ. ಬೀದಿಯಲ್ಲಿ ಅಂಗಡಿಗಳವರು ಕಬ್ಬಿಣದ ಬಾಗಿಲು ಮೇಲೆತ್ತುತ್ತಿದ್ದರು, ಏಣಿ ಹತ್ತಿದವನೊಬ್ಬ ಹಲಗೆಯ ಮೇಲಿನ ಹಳೆ ಅಕ್ಷರ ಕೆರೆಯುತ್ತಿದ್ದ, ಮೆಟ್ಟಿಲು ತೊಳೆಯುತ್ತಿದ್ದ ಹೆಂಗಸು ಇವನು ದಾಟಲೆಂದು ನೀರು ಹೊಯ್ಯುವುದನ್ನು ನಿಲ್ಲಿಸಿ ಕಾದಳು. ಕಾಯುವವರನ್ನು ಕಂಡರೇ ಈಚೆಗೆ ಅವನ ಎದೆ ಧಸಕ್ಕೆನ್ನುತ್ತಿತ್ತು. ಆ ನಾಲ್ಕು ಹೆಜ್ಜೆಗೆ ಪುಸ್ತಕದಲ್ಲಿ ಆಲ್ಬರ್ಟಿ ಬೇಸ್ ಎಂದು ಹೆಸರು; ಎಂದೋ ಸತ್ತ ಒಬ್ಬ ಹಾಡುಗಾರನ ಹೆಸರು. ಮೂರು ಸ್ವರಗಳನ್ನು ಒಟ್ಟಿಗೆ ಒತ್ತಿದರೆ ಒಂದು ಗಂಟು. ಆ ಗಂಟನ್ನು ಬಿಚ್ಚಿ, ಕಿರುಬೆರಳಿನಿಂದ ಕೆಳಗಿನದನ್ನು, ಹೆಬ್ಬೆರಳಿನಿಂದ ಮೇಲಿನದನ್ನು, ನಡುಬೆರಳಿನಿಂದ ನಡುವಿನದನ್ನು, ಮತ್ತೆ ಹೆಬ್ಬೆರಳಿನಿಂದ ಮೇಲಿನದನ್ನು, ಹೀಗೆ ಎಡೆಬಿಡದೆ ತಿರುವುತ್ತಾ ಹೋಗಬೇಕು. ಹಳೆಯ ಕಾಲದ ವಾದ್ಯಗಳಲ್ಲಿ ನಾದ ಬೇಗ ಆರುತ್ತಿತ್ತು. ಅದು ಆರದಿರಲೆಂದು, ಒಲೆಗೆ ಒಣಕಡ್ಡಿಯ ಪುರಳೆ ಒಡ್ಡುತ್ತಾ ಕೂರುವವರ ಹಾಗೆ ಎಡಗೈ ಕೆಳಗೆ ಕೂತು ಒಂದೊಂದೇ ಸ್ವರ ಒಡ್ಡುತ್ತಿರಬೇಕು. ಯಾರೂ ಅದನ್ನು ಕೇಳುವುದಿಲ್ಲ. ಎಲ್ಲರ ಕಿವಿಯೂ ಮೇಲಿನ ರಾಗದ ಮೇಲೆ. ಇಪ್ಪತ್ತಾರು ವರ್ಷ ಅವನು ಸಂಗೀತಶಾಲೆಯಲ್ಲಿ ಬೇರೆಯವರ ರಾಗದ ಕೆಳಗೆ ಹೀಗೆ ಪುರಳೆ ಒಡ್ಡಿದ್ದ. ಪಿಟೀಲಿನವರ ಪಕ್ಕ, ಕೊಳಲಿನವರ ಪಕ್ಕ, ಹಾಡುವವರ ಪಕ್ಕ. ಗೋಡೆಗೆ ಅಂಟಿಸುವ ಹಾಳೆಗಳಲ್ಲಿ ಅವನ ಹೆಸರು ಬರುತ್ತಿರಲಿಲ್ಲ. ಗೇಟಿನವನಿಂದ ಹಿಡಿದು ಎಲ್ಲರಿಗೂ ಅವನು ಪಕ್ಕದ ಮೇಷ್ಟ್ರು. ಅದರಲ್ಲಿ ಅವನಿಗೆ ಬೇಸರವೂ ಇರಲಿಲ್ಲ. ನೀವು ಪಕ್ಕದಲ್ಲಿದ್ದರೆ ಗೋಡೆಗೆ ಒರಗಿದ ಹಾಗೆ ಎಂದು ಒಬ್ಬ ಹಾಡುಗಾರ್ತಿ ಎಂದೋ ಹೇಳಿದ್ದಳು. ಆ ಮಾತನ್ನು ಅವನು ಬಟ್ಟೆಯಲ್ಲಿ ಸುತ್ತಿಟ್ಟ ಒಡವೆಯ ಹಾಗೆ ಆಗಾಗ ಬಿಚ್ಚಿ ನೋಡಿಕೊಳ್ಳುತ್ತಿದ್ದ. ಈಚೆಗೆ ಬಿಚ್ಚಲು ಧೈರ್ಯವಾಗುತ್ತಿರಲಿಲ್ಲ.

ಕಿರುಬೆರಳು ಮಡಿಚಿಕೊಳ್ಳತೊಡಗಿದ ಮೇಲೆ ಅವನು ಕೆಳಗಿನ ಸ್ವರವನ್ನು ಉಂಗುರದ ಬೆರಳಿಗೆ ವಹಿಸಿದ. ಅದಕ್ಕೆ ಕೈ ಇಡಿಯಾಗಿ ಒಂದೆರಡು ಬೆರಳಗಲ ಎಡಕ್ಕೆ ಸರಿದು ಮತ್ತೆ ಬಲಕ್ಕೆ ಬರಬೇಕು. ಆ ಸರಿಯುವಿಕೆಗೆ ಹಿಡಿಯುತ್ತಿದ್ದುದು ಕೂದಲೆಳೆಯಷ್ಟು ಹೊತ್ತು. ಆದರೆ ಕೆಳಗಿನದೇ ನಾಲ್ಕರ ಮೊದಲ ಹೆಜ್ಜೆ. ಪ್ರತಿ ಸುತ್ತಿನ ಬಾಗಿಲಲ್ಲೂ ಒಂದು ಹೊಸಿಲು ಎದ್ದ ಹಾಗಾಯಿತು. ಆಗ ಅವನ ಜೊತೆ ಅಭ್ಯಾಸಕ್ಕೆ ಬರುತ್ತಿದ್ದವಳು ದರ್ಜಿಯಮ್ಮ. ಹಗಲೆಲ್ಲ ಹೊಲಿಗೆ ಅಂಗಡಿಯಲ್ಲಿ ಗುಂಡಿಯ ಕಾಜಾ ಹೊಲಿದು, ಬಿಡುವಿನಲ್ಲಿ ಓಡಿ ಬಂದು, ಬಟ್ಟೆಯ ನೂಲಿನ ಎಳೆಗಳನ್ನು ಸೆರಗಿನಿಂದ ಕೊಡವಿಕೊಂಡು ಪಿಟೀಲು ಎತ್ತಿಕೊಳ್ಳುತ್ತಿದ್ದಳು. ಮೂವತ್ತೊಂಬತ್ತು ವರ್ಷ. ಒಂದು ಹೆಣ್ಣುಮಕ್ಕಳ ಶಾಲೆ ಅವಳನ್ನು ಸಂಗೀತದ ಟೀಚರಾಗಿ ತೆಗೆದುಕೊಳ್ಳುತ್ತೇವೆ ಎಂದಿತ್ತು. ಕೊನೆಯ ದರ್ಜೆಯ ಪ್ರಮಾಣಪತ್ರ ಇರಬೇಕು, ನಲವತ್ತು ತುಂಬಿರಬಾರದು. ಮುಂದಿನ ಪರೀಕ್ಷೆಯ ಹೊತ್ತಿಗೆ ನಲವತ್ತಾಗುತ್ತದೆ. ಒಂದು ದಿನ ಅವಳು ರಾಗವನ್ನು ನೆಟ್ಟಗೆ ತೆಗೆದುಕೊಂಡು ಹೋದಳು, ಅವನ ಕೈ ಹೊಸಿಲು ಎಡವಿತು, ಇಬ್ಬರೂ ಬೇರೆಯಾದರು. ಅವಳು ಕಮಾನು ಇಳಿಸಿ ಅವನ ಮುಖ ನೋಡಿದಳು. ಆ ನೋಟದಲ್ಲಿ ಆರೋಪವೇನೂ ಇರಲಿಲ್ಲ, ಬರೀ ಪ್ರಶ್ನೆ ಇತ್ತು. ಅದಕ್ಕೆ ಉತ್ತರ ಅವನ ಬಾಯಿಂದ, ಅವನು ಯೋಚಿಸುವುದಕ್ಕೂ ಮುಂಚೆ, ಇಪ್ಪತ್ತಾರು ವರ್ಷದ ಗತ್ತಿನಲ್ಲಿ ಬಂದುಬಿಟ್ಟಿತು.

"ನೀವು ಓಡ್ತಾ ಇದ್ದೀರಿ," ಎಂದಿದ್ದ.

ಅಷ್ಟೇ. ಒಂದು ಸಲ ಆಡಿದ ಮೇಲೆ ಎರಡನೆಯ ಸಲ ಸುಲಭವಾಯಿತು. ಅವಳು ಒಮ್ಮೆ, ಬಹಳ ಹಿಂಜರಿದು, "ಮಷಿನ್ ತುಳಿಯುವಾಗ ನಾನು ಓಡಲ್ಲ ಸರ್, ಒಂದು ಹೊಲಿಗೆ ಇದ್ದ ಹಾಗೆ ಇನ್ನೊಂದು. ಇಲ್ಲಿ ಮಾತ್ರ ಯಾಕೋ," ಎಂದಾಗ, ಹೊಲಿಗೆ ಬೇರೆ ಸಂಗೀತ ಬೇರೆ ಎಂದು ನಕ್ಕಿದ್ದ, ಅವಳೂ ನಕ್ಕಿದ್ದಳು, ತನ್ನ ದಡ್ಡತನಕ್ಕೆ. ಆಮೇಲೆ ಅವಳು ಮನೆಯಲ್ಲಿ ಗೋಡೆ ಗಡಿಯಾರದ ಕೆಳಗೆ ನಿಂತು ಅಭ್ಯಾಸ ಮಾಡತೊಡಗಿದಳು. ಗಡಿಯಾರದ ಜೊತೆ ಸರಿಹೋಗುತ್ತೆ ಸರ್, ನಿಮ್ಮ ಜೊತೆ ಬಂದರೆ ತಪ್ಪುತ್ತೆ ಎಂದು ಹೇಳಿಕೊಂಡಳು. ಸಿಕ್ಕಿಬಿದ್ದೆ ಎಂದುಕೊಂಡ. ಆದರೆ ಸಿಕ್ಕಿಬಿದ್ದವನ ನಾಲಿಗೆಯೇ ಚುರುಕು. ಸಂಗೀತ ಅಂದರೆ ಗಡಿಯಾರ ಅಲ್ಲಮ್ಮ, ಗಡಿಯಾರ ಕೇಳೋದು ಬಿಡಿ, ನನ್ನನ್ನ ಕೇಳಿ, ನನ್ನ ಎಡಗೈ ಎಲ್ಲಿ ಕಾಲಿಡುತ್ತೋ ಅಲ್ಲಿ ನೀವೂ ಕಾಲಿಡಿ ಎಂದ. ಅವಳು ಹಾಗೇ ಮಾಡಿದಳು. ಎಷ್ಟು ಶ್ರದ್ಧೆಯಿಂದ ಮಾಡಿದಳೆಂದರೆ, ಎರಡು ತಿಂಗಳಲ್ಲಿ ಇಬ್ಬರೂ ಒಟ್ಟಿಗೆ ಹೋಗತೊಡಗಿದರು, ಎಲ್ಲೂ ಬೇರೆಯಾಗದೆ. ಅವನು ಭೇಷ್ ಎಂದ. ಅವಳ ಕಣ್ಣಲ್ಲಿ ನೀರು ಬಂತು.

ಅಪ್ಪನ ಹತ್ತಿರ ಒಂದು ಜೋಡಿ ಎತ್ತಿತ್ತು. ಎಡಗಡೆಯದಕ್ಕೆ ಗೊರಸು ಒಡೆದು ಕುಂಟು ಹತ್ತಿದ ವರ್ಷ, ಉಳುವ ಸಾಲು ಸೊಟ್ಟ ಹೋಗುತ್ತಿತ್ತು. ಬಲಗಡೆಯದು ನೆಟ್ಟಗೆ ಹೆಜ್ಜೆ ಹಾಕಿದಾಗಲೆಲ್ಲ ನೊಗ ವಾಲಿಕೊಳ್ಳುತ್ತಿತ್ತು. ಬಾರುಕೋಲು ಬೀಳುತ್ತಿದ್ದುದು ಅದರ ಬೆನ್ನ ಮೇಲೆ. ಹತ್ತು ವರ್ಷದ ಇವನು ಬದುವಿನ ಮೇಲೆ ಬುತ್ತಿ ಹಿಡಿದು ನಿಂತು ನೋಡಿ ನೋಡಿ ಕೊನೆಗೆ ತಡೆಯಲಾರದೆ, ಅಪ್ಪ, ಅದೇನು ಮಾಡ್ತು, ಕುಂಟ್ತಿರೋದು ಇದಲ್ವಾ ಎಂದು ಕೇಳಿದ್ದ. ಅಪ್ಪ ಸಾಲಿನ ತುದಿಯಲ್ಲಿ ನೇಗಿಲು ತಿರುಗಿಸುತ್ತಾ, ಸಿಟ್ಟೂ ಇಲ್ಲದೆ, "ಕುಂಟೋದಕ್ಕೆ ಹೊಡೆದ್ರೆ ಮಲಗಿಬಿಡುತ್ತೆ. ಇದಾದ್ರೆ ತಡ್ಕೊಳ್ಳುತ್ತೆ," ಎಂದಿದ್ದ. ಅಪ್ಪ ಕೆಟ್ಟವನಲ್ಲ. ಮಲಗಿಬಿಟ್ಟರೆ ಬಿತ್ತನೆ ಇಲ್ಲ, ಅಷ್ಟೇ. ತಾನೂ ಮಲಗಿಬಿಟ್ಟರೆ? ಎಡಗೈ ಇಲ್ಲದ ಪಕ್ಕದ ಮೇಷ್ಟ್ರನ್ನು ಇಟ್ಟುಕೊಳ್ಳಲು ಸಂಗೀತಶಾಲೆಗೆ ಹುಚ್ಚೇ? ಐವತ್ತೆರಡು ವರ್ಷಕ್ಕೆ ಬೇರೆ ಯಾವ ಕೆಲಸ ಬರುತ್ತದೆ ತನಗೆ? ಹೆಂಡತಿಗೆ ಹೇಗೆ ಹೇಳುವುದು? ಅದಕ್ಕಿಂತ, ಆ ಹೆಂಗಸಿಗೆ ಹೇಗೆ ಹೇಳುವುದು? ನಡೆಯುತ್ತಿದ್ದ ಕಾಲುಗಳು ತಮ್ಮಷ್ಟಕ್ಕೆ ನಾಲ್ಕು ನಾಲ್ಕಾಗಿ ಎಣಿಸಿಕೊಳ್ಳುತ್ತಿದ್ದವು. ಬೇಕೆಂದೇ ಹೆಜ್ಜೆ ತಪ್ಪಿಸಿ ನಡೆದ. ಎದುರಿಗೆ ಬಂದವನೊಬ್ಬ ಇವನಿಗೆ ಕಾಲು ಉಳುಕಿದೆ ಎಂದುಕೊಂಡು ಪಕ್ಕಕ್ಕೆ ಸರಿದು ದಾರಿ ಬಿಟ್ಟ.

ಗೇಟಿನವನು ಯಾವತ್ತಿನ ಹಾಗೆ, ಇವತ್ತು ಯಾರ ಪಕ್ಕ ಮೇಷ್ಟ್ರೇ ಎಂದು ಕೇಳಿದ. ಇವನು ಉತ್ತರ ಕೊಡದೆ ಒಳಗೆ ಹೋದದ್ದಕ್ಕೆ, ಹೋ, ಇವತ್ತು ಪಕ್ಕದವರು ಮುಂದಿನವರಾಗಿದ್ದಾರೆ ಎಂದು ಬೆನ್ನಿಗೆ ಹೇಳಿಕೊಂಡ. ಹಜಾರದ ಬೆಂಚಿನ ಮೇಲೆ ದರ್ಜಿಯಮ್ಮ ಪಿಟೀಲಿನ ಪೆಟ್ಟಿಗೆಯನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ತಾನೇ ಹೊಲಿದುಕೊಂಡ ಹೊಸ ರವಿಕೆ, ತೋಳಿನ ಅಂಚಿನ ಹೊಲಿಗೆ ಇರುವೆ ಸಾಲಿನಂತೆ ಸಮನಾಗಿತ್ತು. ಇವನನ್ನು ಕಂಡು ಎದ್ದು, ರಾತ್ರಿ ಒಂದು ಸಲವೂ ತಪ್ಪಲಿಲ್ಲ ಸರ್, ನೀವು ಪಕ್ಕದಲ್ಲೇ ಇದ್ದೀರಿ ಅಂದುಕೊಂಡು ನುಡಿಸಿದೆ ಎಂದಳು. ಈಗ ಹೇಳಿಬಿಡಬೇಕು. ಈಗ ಹೇಳಿದರೆ ಇವಳ ಪರೀಕ್ಷೆ ಕೆಡುತ್ತದೆ. ಹೇಳದಿದ್ದರೆ ಇಬ್ಬರೂ ಪರೀಕ್ಷಕರ ಮುಂದೆ ಜೋಡಿಯಾಗಿ ಕುಂಟುತ್ತೇವೆ. ಹಾಗೆ ಅವಳ ಮುಂದೆ ನಿಂತಿರುವಾಗಲೇ ಅವನಿಗೆ ದಾರಿ ಕಂಡಿತು. ಪರೀಕ್ಷೆಗೆ ನುಡಿಸಬೇಕಾದ ನಿಧಾನದ ಭಾಗದಲ್ಲಿ ಪಿಯಾನೊದ ಬಲಗೈ ಮಾಡುವುದು ಹೆಚ್ಚಿನದೇನಲ್ಲ, ಪಿಟೀಲಿನ ರಾಗವನ್ನೇ ನೆರಳಿನಂತೆ ಹಿಂಬಾಲಿಸುವುದು. ಅದನ್ನು ಪೂರಾ ಬಿಟ್ಟುಬಿಟ್ಟು, ಎಡಗೈಯ ನಾಲ್ಕು ಹೆಜ್ಜೆಯನ್ನು ಬಲಗೈಯಲ್ಲಿ ಹಾಕಿದರೆ? ಬಲಗೈಯಲ್ಲಿ ಹೊಸಿಲಿಲ್ಲ. ಎಡಗೈ ಮಡಿಲಲ್ಲಿ ಸತ್ತ ಹಾಗೆ ಬಿದ್ದಿರುವುದು ಕಾಣುತ್ತದೆ. ಕಾಣಲಿ, ಎಂದುಕೊಂಡ. ಪರೀಕ್ಷಕರು ಕೇಳಲಿ, ಶಾಲೆಗೆ ಗೊತ್ತಾಗಲಿ, ತನ್ನ ಗತಿ ಏನು ಬೇಕಾದರೂ ಆಗಲಿ, ಇವಳಿಗೆ ಕಾಲಿಡಲು ನೆಲ ಸಮನಾಗಿ ಸಿಕ್ಕರೆ ಸಾಕು. ಹೀಗೆ ಅಂದುಕೊಂಡಾಗ ಮೈಯೆಲ್ಲ ಹಗುರಾಯಿತು; ತನ್ನ ಬಗ್ಗೆ ತನಗೇ ಒಂದಿಷ್ಟು ಗೌರವ ಬಂತು. ಧೈರ್ಯವಾಗಿರಿ, ನಾನಿದ್ದೀನಿ ಎಂದು ಅವಳಿಗೆ ಹೇಳಿದ.

ಪರೀಕ್ಷಕಿ ಬೇರೆ ಊರಿನವರು, ನರೆತ ಕೂದಲು, ಕನ್ನಡಕ ದಾರದಲ್ಲಿ ಎದೆಯ ಮೇಲೆ ತೂಗುತ್ತಿತ್ತು. ಉದ್ದನೆಯ ಮೇಜು, ತಟ್ಟೆ ಮುಚ್ಚಿದ ನೀರಿನ ಲೋಟ, ಚೂಪು ಮಾಡಿ ಸಾಲಾಗಿ ಇಟ್ಟ ಮೂರು ಪೆನ್ಸಿಲು. ಅವನು ಸ್ಟೂಲನ್ನು ಎಡಕ್ಕೆ ಎಳೆದುಕೊಂಡು, ಎಡಗೈಯನ್ನು ಮಡಿಲಲ್ಲಿಟ್ಟು, ಬಲಗೈಯನ್ನು ಕೆಳಗಿನ ಸ್ವರಗಳ ಕಡೆಗೆ ಒಯ್ದ. ಮೊದಲೆರಡು ಸುತ್ತು ಪಿಯಾನೊ ಒಂದೇ. ಕೆಳಗಿನದು, ಮೇಲಿನದು, ನಡುವಿನದು, ಮೇಲಿನದು. ಎಷ್ಟು ದಿನವಾಗಿತ್ತು ಈ ಸಮತಟ್ಟನ್ನು ಕೇಳಿ. ಚೆನ್ನಾಗಿ ಹದ ಮಾಡಿದ ಹೊಲದಲ್ಲಿ ಬರಿಗಾಲಲ್ಲಿ ನಡೆದ ಹಾಗೆ ನಾದ ಹರಡಿಕೊಂಡಿತು. ತಪ್ಪಿತಸ್ಥನಿಗೆ ಬರಬಾರದ ಸಂತೋಷ ಅದು. ಆಗ ದರ್ಜಿಯಮ್ಮ ಕಮಾನು ಇಟ್ಟಳು.

ಮೊದಲ ಸುತ್ತಿನ ಬಾಗಿಲಲ್ಲೇ ಅವಳು ನಿಂತಳು. ಕೂದಲೆಳೆಯಷ್ಟು. ಇವನ ಸ್ವರ ಮುಂದೆ ಹೋಗಿತ್ತು. ಮುಂದಿನ ಸುತ್ತಿಗೂ ನಿಂತಳು, ಅದರ ಮುಂದಿನದಕ್ಕೂ. ಇಲ್ಲದ ಹೊಸಿಲನ್ನು ಕಾಲೆತ್ತಿ ದಾಟುವ ಹಾಗೆ, ಒಂದೇ ಒಂದು ಕಡೆಯೂ ಮರೆಯದೆ, ಅವನು ಎಡವುತ್ತಿದ್ದ ಪ್ರತಿಯೊಂದು ಜಾಗದಲ್ಲೂ ಅವನಿಗಾಗಿ ಕಾದಳು. ಅವನಿಗೆ ಮೊದಲು ಅರ್ಥವಾಗಲಿಲ್ಲ, ಭಯಕ್ಕೆ ಹಾಗಾಗುತ್ತಿದೆ ಎಂದುಕೊಂಡ. ಆಮೇಲೆ ಅರ್ಥವಾಯಿತು. ಅವನ ಕುಂಟು ಇದ್ದದ್ದು ಅವನ ಕೈಯಲ್ಲಷ್ಟೇ ಅಲ್ಲ. ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಅದನ್ನು ಅವಳೊಳಗೆ ಬಿತ್ತಿದ್ದ, ನೀರು ಹೊಯ್ದಿದ್ದ, ಚಿಗುರಿದಾಗ ಭೇಷ್ ಎಂದಿದ್ದ. ಅವಳು ಗಾಬರಿಯಿಂದ ಅವನ ಕಡೆ ನೋಡಿದಳು. ಪರೀಕ್ಷಕಿ ಪೆನ್ಸಿಲಿನಿಂದ ಮೇಜು ತಟ್ಟಿ ನಿಲ್ಲಿಸಿದರು. ಪ್ರತಿ ಹೆಜ್ಜೆಗೂ ಮುಂಚೆ ಅನುಮಾನ ಪಡ್ತೀರಲ್ಲಮ್ಮ, ಗಾಬರಿ ಬೇಡ, ಇನ್ನೊಮ್ಮೆ ಶುರು ಮಾಡಿ ಎಂದರು. ಒಳ್ಳೆಯ ದನಿಯಲ್ಲೇ ಹೇಳಿದರು. ಎರಡನೆಯ ಸಲ ಅವನು ಬಲಗೈಯಲ್ಲೇ ಕುಂಟಲು ನೋಡಿದ. ಅವಳು ನಿಲ್ಲುವಲ್ಲಿ ತಾನೂ ನಿಲ್ಲಬೇಕು, ಅಷ್ಟೇ ತಾನೆ, ತನ್ನದೇ ಕುಂಟು ತಾನೆ. ಆದರೆ ಬೇಕೆಂದು ಕುಂಟಿದ ಹೆಜ್ಜೆ ಒಂದು ಕಡೆ ಹೆಚ್ಚಾಯಿತು, ಒಂದು ಕಡೆ ಕಡಿಮೆಯಾಯಿತು. ಅವಳದು ಮಾತ್ರ ಅಳತೆಯ ಪಟ್ಟಿ ಹಿಡಿದು ಕತ್ತರಿಸಿದ ಹಾಗೆ ಪ್ರತಿ ಸಲವೂ ಅಷ್ಟಕ್ಕಷ್ಟೇ. ಇಬ್ಬರೂ ಕತ್ತಲೆಯಲ್ಲಿ ಒಬ್ಬರನ್ನೊಬ್ಬರು ತಡಕಾಡಿದ ಹಾಗಾಗಿ ಎಲ್ಲೋ ಒಂದು ಕಡೆ ಅವಳ ಕಮಾನು ನಿಂತೇಹೋಯಿತು. ಅವನ ಬಲಗೈ ಇನ್ನೂ ಅರ್ಧ ಸುತ್ತು ಒಂದೇ ನಡೆದು ನಾಚಿಕೊಂಡು ನಿಂತಿತು.

ಪರೀಕ್ಷಕಿ ಕನ್ನಡಕ ಏರಿಸಿಕೊಂಡು ಬರೆದರು. ಕೈ ಚೆನ್ನಾಗಿದೆ, ನಾದ ಚೆನ್ನಾಗಿದೆ ಎಂದರು. ಆದರೆ ಹೆಜ್ಜೆ ಕಿವಿಯಲ್ಲಿರಬೇಕಮ್ಮ, ಅದು ಕೆಲವರಿಗೆ ಇರುತ್ತೆ, ಕೆಲವರಿಗೆ ಎಷ್ಟು ಕಲಿಸಿದರೂ ಬರಲ್ಲ ಎಂದರು. ದರ್ಜಿಯಮ್ಮ ತಲೆ ತಗ್ಗಿಸಿ ಹೌದು ಎಂಬಂತೆ ಅಲ್ಲಾಡಿಸಿದಳು. ಈ ಮಾತು ತನಗೆ ಹೊಸದಲ್ಲ ಎನ್ನುವ ಹಾಗಿತ್ತು ಅದು. ಆಮೇಲೆ ಪರೀಕ್ಷಕಿ ಇವನ ಕಡೆ ತಿರುಗಿದರು.

"ನೀವು ದೊಡ್ಡ ಮನಸ್ಸು ಮಾಡಿದ್ರಿ. ರಾಗ ಪೂರ್ತಿ ಅವರಿಗೇ ಬಿಟ್ಟು, ಒಂದೇ ಕೈಲಿ ನಡೆಸಿಕೊಟ್ರಿ. ಎರಡನೇ ಸಲ ಅವರಿಗೋಸ್ಕರ ನಿಮ್ಮ ಹೆಜ್ಜೆನೂ ಕೆಡಿಸಿಕೊಂಡ್ರಿ. ಇಂಥ ಪಕ್ಕವಾದ್ಯ ಈಗ ಎಲ್ಲಿದೆ?"

ಮಡಿಲಲ್ಲಿ ಬಿದ್ದಿದ್ದ ಎಡಗೈಯನ್ನು ಎತ್ತಿ ಕೀಲಿಗಳ ಮೇಲಿಟ್ಟರೆ ಸಾಕಾಗಿತ್ತು. ಬೆರಳು ತಾನಾಗಿಯೇ ಮಡಿಚಿಕೊಂಡು ಎಲ್ಲ ಹೇಳುತ್ತಿತ್ತು. ಅವನು ನೋಡುತ್ತಲೇ ಇದ್ದ, ಕೈ ಏಳಲಿಲ್ಲ. ಬಾಯಿ ಮಾತ್ರ, ಎಲ್ಲ ನಿಮ್ಮ ದೊಡ್ಡತನ, ಎಂದು ನಗುನಗುತ್ತಾ ಹೇಳಿತು. ಆ ನಗು ಬಾಗಿಲು ದಾಟುವವರೆಗೂ ಮುಖಕ್ಕೆ ಅಂಟಿಕೊಂಡಿತ್ತು. ಸಂಜೆ ನಾಲ್ಕಕ್ಕೆ ಸಹಿಯಾದ ಫಲಿತಾಂಶದ ಪಟ್ಟಿ ಹಾಕುತ್ತಾರೆ ಎಂದು ಯಾರೋ ಹೇಳಿದರು.

ಹಜಾರದ ಕೊನೆಯಲ್ಲಿ, ಯಾರೂ ಇಲ್ಲದ ಕಡೆ, ದರ್ಜಿಯಮ್ಮ ಪಿಟೀಲನ್ನು ಪೆಟ್ಟಿಗೆಯಲ್ಲಿಟ್ಟು ಬಟ್ಟೆ ಹೊದಿಸುತ್ತಿದ್ದಳು. ಅಳುತ್ತಿರಲಿಲ್ಲ. ಇವನು ಹತ್ತಿರ ಬಂದಾಗ, ನಿಮ್ಮ ಇಷ್ಟು ದಿನದ ಶ್ರಮ ನೀರಲ್ಲಿ ಹೋಮ ಮಾಡಿಬಿಟ್ಟೆ, ನಿಮ್ಮ ಮಾನ ತೆಗೆದೆ ಸರ್ ಎಂದಳು. ನನ್ನ ಕಿವಿ ಹಾಗಿದೆ, ನೀವು ಮೊದಲೇ ಹೇಳಿದ್ದಿರಿ, ನಾನೇ ಆಸೆ ಬಿಡಲಿಲ್ಲ ಎಂದಳು. ಬಾಗಿ ಅವನ ಕಾಲು ಮುಟ್ಟಲು ಹೊರಟಳು. ಅವನು ಬೆಂಕಿ ತಾಗಿದವನಂತೆ ಹಿಂದಕ್ಕೆ ಸರಿದು ಗೋಡೆಗೆ ಬಡಿದುಕೊಂಡ.

"ನೀವು ಓಡ್ತಿರಲಿಲ್ಲ," ಎಂದ. "ನಾನು ನಿಲ್ತಿದ್ದೆ. ನನ್ನ ಕಿರುಬೆರಳು ಪಿಯಾನೊ ಮೇಲೆ ನಿಲ್ಲಲ್ಲ. ನೀವು ಮೊದಲಿಂದಲೂ ಸರಿಯಾಗೇ ನುಡಿಸ್ತಿದ್ರಿ. ಕುಂಟೋದನ್ನ ನಿಮಗೆ ಕಲಿಸಿದವನು ನಾನು."

ಅವಳು ಪೆಟ್ಟಿಗೆಯ ಮುಚ್ಚಳ ಹಿಡಿದುಕೊಂಡೇ ನಿಂತಳು. ಎಷ್ಟು ದಿನದಿಂದ ಎಂದು ಕೇಳಿದಳು. ಮೂರು, ನಾಲ್ಕು ತಿಂಗಳಾಗಿರಬಹುದು ಎಂದ. ಗಡಿಯಾರ ಕೇಳಬೇಡಿ ಅಂದಾಗಲೂ ಗೊತ್ತಿತ್ತಾ ಎಂದಳು. ಗೊತ್ತಿತ್ತು ಎಂದ. ಅವಳ ಮುಖದಲ್ಲಿ ಸಿಟ್ಟು ಬರುತ್ತದೆಂದು ಕಾದ. ಬಂದಿದ್ದರೆ ಅವನಿಗೆ ಉಸಿರಾಡಲು ಆಗುತ್ತಿತ್ತು. ಅವಳು ತಪ್ಪಾದ ಅಳತೆಯ ಬಟ್ಟೆಯನ್ನು ಎಲ್ಲಿಂದ ಬಿಚ್ಚಬೇಕೆಂದು ನೋಡುವವಳ ಹಾಗೆ ಅವನನ್ನು ನೋಡುತ್ತಿದ್ದಳು. ಆಮೇಲೆ ಕೈಚೀಲದಿಂದ ಅಂಗಡಿಯ ಅಳತೆ ಚೀಟಿಯ ಪುಸ್ತಕ ತೆಗೆದು, ಒಂದು ಹಾಳೆ ಹರಿದು, ತಿರುವಿ, ಖಾಲಿ ಇದ್ದ ಬೆನ್ನನ್ನು ಅವನ ಮುಂದೆ ಹಿಡಿದಳು.

"ಬರೆದು ಕೊಡಿ ಸರ್. ನಾಲ್ಕು ಗಂಟೆ ಒಳಗೆ ಅವರಿಗೆ ತೋರಿಸ್ತೀನಿ."

"ಅವರು ಒಪ್ಪದೇ ಇರಬಹುದು."

"ಇರಬಹುದು."

ಅವನು ಚೀಟಿಯನ್ನು ಗೋಡೆಗೆ ಒತ್ತಿ ಹಿಡಿದ. ಹಿಡಿದದ್ದು ಎಡಗೈ. ಐದೂ ಬೆರಳು ಹಾಳೆಯ ಮೇಲೆ ನೀಟಾಗಿ ಹರಡಿಕೊಂಡವು, ಕಿರುಬೆರಳು ಎಲ್ಲಕ್ಕಿಂತ ನೆಟ್ಟಗೆ, ಏನೂ ಅರಿಯದ ಕೂಸಿನ ಹಾಗೆ. ಅವಳು ಅದನ್ನೇ ನೋಡುತ್ತಿದ್ದುದು ಅವನಿಗೆ ಗೊತ್ತಾಯಿತು. ಈಗ ಸರಿಯಾಗೇ ಇದೆಯಲ್ಲ ಎಂದಳು, ಮೆಲ್ಲಗೆ. ಬರೆದ. ಇವರ ಹೆಜ್ಜೆಯಲ್ಲಿ ದೋಷವಿರಲಿಲ್ಲ. ನನ್ನ ಎಡಗೈ ಕೆಟ್ಟಿದೆ. ಅದನ್ನು ಮುಚ್ಚಿಟ್ಟು ತಪ್ಪನ್ನು ಇವರ ಮೇಲೆ ಹೊರಿಸಿ, ತಪ್ಪನ್ನೇ ಇವರಿಗೆ ಅಭ್ಯಾಸ ಮಾಡಿಸಿದೆ. ಇಪ್ಪತ್ತಾರು ವರ್ಷದ ಕೆಲಸ ಅಷ್ಟು ಸಣ್ಣ ಚೀಟಿಯಲ್ಲಿ, ಇನ್ನೂ ಜಾಗ ಉಳಿಯುವ ಹಾಗೆ, ಮುಗಿದುಹೋಯಿತು. ಸಹಿ ಹಾಕಿದ. ಅವಳು ಓದಿ, ತಾರೀಕು ಹಾಕಿ ಎಂದಳು. ಇವತ್ತಿನ ತಾರೀಕು ಹಾಕಿದ.

"ಬೆರಳು ಶುರುವಾಯ್ತಲ್ಲ, ಆ ದಿನದ್ದೂ ಹಾಕಿ."

ಪೆನ್ನು ನಿಂತಿತು. ಮೂರು, ನಾಲ್ಕು ತಿಂಗಳು ಎಂಬುದನ್ನು ಅವನು ತನಗೆ ತಾನೇ ಎಷ್ಟು ಸಲ ಹೇಳಿಕೊಂಡಿದ್ದನೆಂದರೆ ಡಾಕ್ಟರ ಮುಂದೆಯೂ ಅದನ್ನೇ ಹೇಳಿದ್ದ. ಆದರೆ ಕೈ ಆ ದಿನವನ್ನು ಬಲ್ಲದು. ಒಂದು ಸೋಮವಾರ, ಖಾಲಿ ಕೋಣೆ, ಕಿಟಕಿಯ ಬಿಸಿಲು ಕೀಲಿಗಳ ಮೇಲೆ ಅರ್ಧಕ್ಕೆ ಬಂದಿತ್ತು. ಸುಮ್ಮನೆ ಹೊತ್ತು ಹೋಗಲೆಂದು ನುಡಿಸುತ್ತಿದ್ದಾಗ, ಮೊದಲ ಸಲ, ಕಿರುಬೆರಳು ಸ್ವರದ ಮೇಲೆ ಇಳಿಯದೆ ಒಳಕ್ಕೆ ತಿರುಗಿತ್ತು. ಅದರ ಮುಂದಿನ ವಾರ, ಬುಧವಾರ, ಬಾಗಿಲ ಹತ್ತಿರ ಹೆಂಗಸೊಬ್ಬಳು ಪೆಟ್ಟಿಗೆ ಹಿಡಿದು ನಿಂತು, ಹೊಲಿಗೆ ಕೆಲಸದವಳು ಸರ್, ನಿಮಗೆ ಬಿಡುವಿದ್ದರೆ ಎಂದು ಕೇಳಿದ್ದಳು. ಬೇರೆ ಯಾವ ತಾರೀಕು ಬರೆದರೂ ಅವಳಿಗೆ ಗೊತ್ತಾಗುತ್ತಿರಲಿಲ್ಲ. ಅವನು ಆ ಸೋಮವಾರದ ತಾರೀಕು ಬರೆದ.

ಅವಳು ಚೀಟಿ ತೆಗೆದುಕೊಂಡು ನೋಡಿದಳು. ಅವಳ ತುಟಿ ತಿಂಗಳುಗಳನ್ನು ಎಣಿಸಿತು. ಎಣಿಕೆ ತಾನು ಮೊದಲು ಬಂದ ದಿನವನ್ನು ದಾಟಿ ಹೋಯಿತು.

"ಅಂದ್ರೆ ನೀವು ಸರಿಯಾಗಿ ನುಡಿಸಿದ್ದನ್ನ ನಾನು ಕೇಳಿದ್ದು ಇವತ್ತೇ ಮೊದಲು," ಎಂದಳು.

ಚೀಟಿಯನ್ನು ಎರಡು ಮಡಿಕೆ ಮಾಡಿ ಹಿಡಿದುಕೊಂಡು, ಪರೀಕ್ಷೆಯ ಕೋಣೆಯ ಕಡೆ ನಡೆದಳು.